ಪರದೆಯ ಮುಂದೆ ಕುಳಿತ ಊರು



ಮಲೆನಾಡು ಕನ್ನಡ ಚಿತ್ರರಂಗಕ್ಕೆ ಹೊಸತಲ್ಲ. ಇಲ್ಲಿನ ಮಂಜು, ಜಲಪಾತ, ಕಾಫಿ ತೋಟ, ಹುಲ್ಲುಗಾವಲುಗಳು ಎಷ್ಟೋ ಚಿತ್ರಗಳ ಹಾಡುಗಳಿಗೆ ಹಿನ್ನೆಲೆಯಾಗಿ ಒದಗಿವೆ. ಆದರೆ ಆ ಹುಲ್ಲುಗಾವಲಿನಲ್ಲಿ ದನ ಮೇಯಿಸುವವರು ಯಾರು, ಆ ಜಲಪಾತದ ನೀರು ಯಾವ ಕೆರೆಗೆ ಇಳಿಯುತ್ತದೆ ಎಂಬ ಪ್ರಶ್ನೆಗಳನ್ನು ಆ ಹಾಡುಗಳು ಕೇಳುವುದಿಲ್ಲ. ಬಾಬಾಬುಡನ್ ಗಿರಿಶ್ರೇಣಿಯ ಮಗ್ಗುಲಲ್ಲಿರುವ ಎಮ್ಮೆದೊಡ್ಡಿಯ ಜನರಿಗೆ ಇವು ಬದುಕಿನ ಪ್ರಶ್ನೆಗಳು. ಬೆಟ್ಟದ ಮೇಲೆ ಬಿದ್ದ ಮಳೆ ಮದಗದ ಕೆರೆಗೆ ಬಂದರೆ ಕೆಳಗಿನ ಬಯಲಿಗೆ ಬೆಳೆ, ಬಾರದಿದ್ದರೆ ಬರ. ಕಾಡು, ಕಾವಲು, ಕೆರೆ, ಹೊಲಗಳು ಹೀಗೆ ಒಂದಕ್ಕೊಂದು ಹೆಣೆದುಕೊಂಡಿರುವ ಸೀಮೆಯಲ್ಲಿ, ಪರಿಸರದ ಮಾತು ಬಿಟ್ಟು ಸಿನಿಮಾದ ಮಾತೇಕೆ ಎಂಬ ಸಂದೇಹ ಸಹಜ. ಆ ಸಂದೇಹಕ್ಕೆ ಉತ್ತರ ಹುಡುಕುವುದೇ ಈ ಉಪನ್ಯಾಸದ ಉದ್ದೇಶ.

ದೊಡ್ಡ ಬಂಡವಾಳ, ದೊಡ್ಡ ನಟರು, ದೊಡ್ಡ ಮಾರುಕಟ್ಟೆ ಇವುಗಳ ಹಂಗಿಲ್ಲದೆ, ನಿರ್ದೇಶಕನು ತನಗೆ ಸತ್ಯವೆಂದು ಕಂಡದ್ದನ್ನು ತನ್ನ ರೀತಿಯಲ್ಲಿ ಹೇಳಲು ಹೊರಟಾಗ ಹುಟ್ಟುವುದು ಸ್ವತಂತ್ರ ಚಿತ್ರ. ಇಂಥ ಚಿತ್ರಗಳಿಗೆಂದೇ ಮೀಸಲಾದ ಚಿತ್ರಮಂದಿರಗಳು ಜಗತ್ತಿನ ಹಲವು ನಗರಗಳಲ್ಲಿವೆ. ಅಲ್ಲಿ ಪ್ರದರ್ಶನ ಮುಗಿದ ಮೇಲೆ ನಿರ್ದೇಶಕರು ಪ್ರೇಕ್ಷಕರ ಪ್ರಶ್ನೆಗಳಿಗೆ ಉತ್ತರಿಸುವ ಪದ್ಧತಿಯೂ ಉಂಟು. ಭಾರತದಲ್ಲಿ ಆ ಕೆಲಸವನ್ನು ಬಹುಪಾಲು ನಿರ್ವಹಿಸಿದವು ಫಿಲ್ಮ್ ಸೊಸೈಟಿಗಳು. 1959ರಲ್ಲಿ ಸತ್ಯಜಿತ್ ರಾಯ್ ಅವರ ಅಧ್ಯಕ್ಷತೆಯಲ್ಲಿ ಅವುಗಳ ಒಕ್ಕೂಟ ಸ್ಥಾಪನೆಯಾಯಿತು. 1971ರಲ್ಲಿ ಬೆಂಗಳೂರಿನಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ ಹುಟ್ಟಿತು. ಇವೆಲ್ಲ ನಗರದ ವಿದ್ಯಾವಂತರ ಹವ್ಯಾಸ, ಹಳ್ಳಿಗರಿಗೆ ಇದು ನಿಲುಕದು ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು.

ಆ ನಂಬಿಕೆಯನ್ನು ಸುಳ್ಳಾಗಿಸಿದ್ದು ಮಲೆನಾಡಿನದೇ ಒಂದು ಹಳ್ಳಿ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಆರಂಭವಾದ ನೀನಾಸಮ್, 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿತು. ಅಡಿಕೆ ಕೃಷಿಕರೂ ಆಗಿದ್ದ ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ಸತ್ಯಜಿತ್ ರಾಯ್, ಅಕಿರ ಕುರೊಸಾವ ಮೊದಲಾದವರ ಚಿತ್ರಗಳು ಹಳ್ಳಿಯ ರಂಗಮಂದಿರಕ್ಕೆ ಬಂದವು. ಭಾಷೆ ತಿಳಿಯದ ಚಿತ್ರಗಳಿಗೆ ಕನ್ನಡದ ವಿವರಣೆ ಜೊತೆಯಾಯಿತು. ಸತೀಶ್ ಬಹಾದೂರ್ ಅವರಂಥ ಅಧ್ಯಾಪಕರು ಹೆಗ್ಗೋಡಿಗೆ ಬಂದು ಚಿತ್ರವನ್ನು ಓದುವ ಬಗೆಯನ್ನು ಕಲಿಸಿದರು. 1980ರ ದಶಕದಲ್ಲಿ ‘ಜನಸ್ಪಂದನ’ ಯೋಜನೆಯ ಮೂಲಕ ಈ ಪ್ರಯತ್ನ ಕರ್ನಾಟಕದ ಬೇರೆ ಹಳ್ಳಿಗಳಿಗೂ ಹಬ್ಬಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಒಳ್ಳೆಯ ಚಿತ್ರವನ್ನು ಅರಿಯಲು ಪದವಿ ಬೇಕಿಲ್ಲ, ಅವಕಾಶ ಬೇಕು ಎಂಬ ಮಾತಿಗೆ ಹೆಗ್ಗೋಡು ಸಾಕ್ಷಿ.

ಚಿಕ್ಕಮಗಳೂರು ಜಿಲ್ಲೆಯ ನೆಲಕ್ಕೂ ಈ ಇತಿಹಾಸದಲ್ಲಿ ಪಾಲಿದೆ. ಕನ್ನಡಕ್ಕೆ ಮೊದಲ ಸ್ವರ್ಣಕಮಲವನ್ನು ತಂದ ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ (1970) ಚಿತ್ರಿತವಾದದ್ದು ಶೃಂಗೇರಿಯ ಬಳಿ. ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದಿದ್ದ ಚಿತ್ರವದು. ಮಲೆನಾಡಿನವರೇ ಆದ ಗಿರೀಶ್ ಕಾಸರವಳ್ಳಿಯವರು ನಾ. ಡಿಸೋಜರ ಕಾದಂಬರಿಯನ್ನು ಆಧರಿಸಿ ನಿರ್ದೇಶಿಸಿದ ‘ದ್ವೀಪ’ (2002), ಅಣೆಕಟ್ಟಿನ ಹಿನ್ನೀರು ಏರುತ್ತಿರುವಾಗ ಊರು ಬಿಡಲೊಲ್ಲದ ಒಂದು ಕುಟುಂಬದ ಕಥೆ. ಪರಿಹಾರದ ಕಾಗದದಲ್ಲಿ ಎಕರೆ, ಗುಂಟೆ, ಮರಗಳ ಲೆಕ್ಕವಿರುತ್ತದೆ. ಆದರೆ ಅಡಿಕೆ ಸಸಿಯೊಂದು ಫಸಲಿಗೆ ಬರಲು 5-6 ವರ್ಷ ಬೇಕೆಂಬುದು, ತೋಟಕ್ಕೆ ಸೊಪ್ಪು ಒದಗಿಸುವ ಬೆಟ್ಟವಿಲ್ಲದೆ ತೋಟ ಉಳಿಯದೆಂಬುದು, ಮನೆಯನ್ನು ಹಿಡಿದು ನಿಲ್ಲಿಸುವ ಹೆಣ್ಣಿನ ದುಡಿಮೆ ಎಷ್ಟೆಂಬುದು ಆ ಲೆಕ್ಕಕ್ಕೆ ಸಿಗುವುದಿಲ್ಲ. ಚಿತ್ರದ ನಾಗಿ ಮಳೆ, ಕತ್ತಲೆ, ಭಯಗಳ ನಡುವೆ ಮನೆಯನ್ನು ಉಳಿಸಿಕೊಂಡರೂ ಅವಳ ಗಂಡ ಆ ಶ್ರೇಯಸ್ಸನ್ನು ದೇವರಿಗೆ ಒಪ್ಪಿಸುತ್ತಾನೆ. ಇಂಥ ದೃಶ್ಯ ಮುಗಿದ ಮೇಲೆ ಹಳ್ಳಿಯ ಹೆಣ್ಣುಮಕ್ಕಳು ಆಡಬಹುದಾದ ಮಾತು ಯಾವ ವಿಮರ್ಶೆಗೂ ಕಡಿಮೆಯಾಗಲಾರದು.

ಸಾಕ್ಷ್ಯಚಿತ್ರದ ಶಕ್ತಿಗೂ ಇದೇ ಜಿಲ್ಲೆಯಲ್ಲಿ ಉದಾಹರಣೆಯಿದೆ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ಕುರಿತು ಶೇಖರ್ ದತ್ತಾತ್ರಿಯವರು 2001ರಲ್ಲಿ ಒಂದು ಕಿರು ಸಾಕ್ಷ್ಯಚಿತ್ರ ನಿರ್ಮಿಸಿದರು. ಮಳೆಗಾಲದಲ್ಲಿ ಗಣಿಯ ಹೂಳು ಭದ್ರೆಯನ್ನು ಸೇರುವ ಬಗೆಯನ್ನು ಅದು ಕಣ್ಣಿಗೆ ಕಟ್ಟಿಸಿತು. ಅದೇ ಭದ್ರೆ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಜಲಾಶಯವಾಗಿ ನಿಂತು ಸಾವಿರಾರು ಎಕರೆಗೆ ನೀರುಣಿಸುತ್ತದೆ. ಹಾಗಾಗಿ ಮೇಲಿನ ಹೂಳು ಕೆಳಗಿನ ರೈತನ ಪ್ರಶ್ನೆಯೂ ಹೌದು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ಗಣಿಗಾರಿಕೆ ನಿಲ್ಲಬೇಕೆಂದು ತೀರ್ಪಿತ್ತಿತು. 2005ರ ಕೊನೆಗೆ ಅದು ನಿಂತಿತು. ಈ ಗೆಲುವನ್ನು ಒಂದು ಚಿತ್ರದ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಹೋರಾಟಗಾರರ ಅರ್ಜಿಗಳು, ವಿಜ್ಞಾನಿಗಳ ಅಂಕಿ-ಅಂಶಗಳು, ಜನರ ಚಳವಳಿ ಎಲ್ಲವೂ ಅದರಲ್ಲಿ ಸೇರಿವೆ. ಆದರೆ ದೂರದ ಬೆಟ್ಟದಲ್ಲಿ ನಡೆಯುವುದನ್ನು ಕಾಣದವರ ಮುಂದೆ ತಂದಿರಿಸಿದ್ದು ಚಿತ್ರ. ಅದೇ ಚಿತ್ರವನ್ನು ಇಂದು ತೋರಿಸಿದರೆ, ಗಣಿ ಮುಚ್ಚಿದಾಗ ಕೆಲಸ ಕಳೆದುಕೊಂಡವರ ಪಾಡೇನು ಎಂಬ ಪ್ರಶ್ನೆಯೂ ಸಭೆಯಲ್ಲಿ ಏಳಬೇಕು. ಆ ಪ್ರಶ್ನೆಗೆ ಎಡೆಯಿಲ್ಲದ ಚರ್ಚೆ ಪ್ರಚಾರವಾಗುತ್ತದೆ. ಪರಿಸರ ಚಳವಳಿಗೆ ಅದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು.

ಹೊಸ ತಲೆಮಾರಿನ ಚಿತ್ರಗಳು ಹಳ್ಳಿಗೆ ಇನ್ನೂ ಹತ್ತಿರ ಬಂದಿವೆ. ರಾಮ್ ರೆಡ್ಡಿಯವರ ‘ತಿಥಿ’ (2015) ಮಂಡ್ಯದ ಹಳ್ಳಿಯೊಂದರಲ್ಲಿ, ಅಲ್ಲಿನ ಜನರೇ ಪಾತ್ರಧಾರಿಗಳಾಗಿ ಮೂಡಿದ ಚಿತ್ರ. ತಂದೆ ಬದುಕಿರುವಾಗಲೇ ಸತ್ತನೆಂದು ಕಾಗದ ಮಾಡಿಸಿ ಜಮೀನು ಮಾರಹೊರಟ ಮಗನ ಕಥೆ ಅದರಲ್ಲಿದೆ. ಉತ್ತರ ಕನ್ನಡದ ನಟೇಶ್ ಹೆಗಡೆಯವರ ‘ಪೆಡ್ರೊ’ (2021) ಬೂಸಾನ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡಿತು. ತೋಟಕ್ಕೆ ನುಗ್ಗುವ ಕಾಡುಹಂದಿಯನ್ನು ಕಾಯಲು ಹೋದವನ ಗುಂಡಿಗೆ ಹಸುವೊಂದು ಬಲಿಯಾದಾಗ ಊರು ಅವನನ್ನು ಹೇಗೆ ಹೊರದೂಡುತ್ತದೆ ಎಂಬುದು ಅದರ ವಸ್ತು. ಹಂದಿಯ ಕಾಟ ಅರಿಯದ ರೈತ ಮಲೆನಾಡಿನಲ್ಲಿಲ್ಲ. ಬೂಸಾನಿನ ಪ್ರೇಕ್ಷಕನಿಗೆ ವಿವರಿಸಿ ಹೇಳಬೇಕಾದದ್ದು ಎಮ್ಮೆದೊಡ್ಡಿಯ ರೈತನಿಗೆ ಮೊದಲೇ ಗೊತ್ತಿರುತ್ತದೆ. ಅಂಥ ರೈತನೆದುರು ಕುಳಿತ ನಿರ್ದೇಶಕನಿಗೆ ಕಲಿಯುವುದು ಬಹಳವಿರುತ್ತದೆ.

ಸಿನಿಮಾ ಚರ್ಚೆಯಿಂದ ಬೆಟ್ಟಕ್ಕೇನು ಲಾಭ ಎಂಬ ಮೊದಲ ಸಂದೇಹಕ್ಕೆ ಈಗ ಉತ್ತರ ಹೇಳಬಹುದು. ಬೆಟ್ಟದ ಭವಿಷ್ಯ ಇಂದು ಚಿತ್ರಗಳ ಮೂಲಕವೇ ನಿರ್ಧಾರವಾಗುತ್ತಿದೆ. ಉಪಗ್ರಹದ ನಕಾಶೆಯಲ್ಲಿ ಹುಲ್ಲುಗಾವಲು ಪಾಳುಭೂಮಿಯಂತೆ ತೋರಬಹುದು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಹಲವು ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಲೇಬೇಕು. ಅಂಥ ಸಭೆಯಲ್ಲಿ ಯೋಜನೆಯವರು ತೋರಿಸುವುದೂ ಚಿತ್ರಗಳನ್ನೇ. ಈ ಚಿತ್ರ ತೆಗೆದವರು ಯಾರು, ಎಲ್ಲಿ ನಿಂತು ತೆಗೆದರು, ಯಾವ ತಿಂಗಳಿನಲ್ಲಿ ತೆಗೆದರು, ಚೌಕಟ್ಟಿನ ಹೊರಗೆ ಉಳಿದದ್ದೇನು ಎಂದು ಸಿನಿಮಾದ ಮುಂದೆ ಕೇಳಿ ಅಭ್ಯಾಸವಾದವರು ಯೋಜನಾ ವರದಿಯ ಮುಂದೆಯೂ ಹಾಗೆಯೇ ಕೇಳುತ್ತಾರೆ. ಬೇಸಿಗೆಯಲ್ಲಿ ತೆಗೆದ ಹಳ್ಳದ ಚಿತ್ರವನ್ನು ಮುಂದಿಟ್ಟು ಇಲ್ಲಿ ನೀರೇ ಇಲ್ಲ ಎಂದರೆ ಒಪ್ಪುವುದಿಲ್ಲ.

ಇದಕ್ಕೆ ಹವಾನಿಯಂತ್ರಿತ ಮಂದಿರ ಬೇಕಿಲ್ಲ. ಶಾಲೆಯ ಕೋಣೆ, ಬಿಳಿಯ ಬಟ್ಟೆ, ಒಂದು ಪ್ರೊಜೆಕ್ಟರ್, ಒಳ್ಳೆಯ ಧ್ವನಿವರ್ಧಕ, ಕರೆಂಟು ಹೋದರೆ ಜನರೇಟರ್ ಇದ್ದರೆ ಸಾಕು. ಬಿತ್ತನೆ, ಕೊಯ್ಲುಗಳ ಕಾಲ ಬಿಟ್ಟು ರಾಗಿ ಕಣ ಮುಗಿದ ಮೇಲೆ ತಿಂಗಳಿಗೊಂದು ಚಿತ್ರವಿಟ್ಟರೆ ಜನ ಬರುತ್ತಾರೆ. ಚಿತ್ರದ ಹಕ್ಕುಳ್ಳವರಿಂದ ಅನುಮತಿ ಪಡೆದು, ಚಿಕ್ಕದಾದರೂ ಸಂಭಾವನೆ ಸಲ್ಲಿಸುವುದು ಧರ್ಮ. ರೈತ ತನ್ನ ಫಸಲಿಗೆ ಬೆಲೆ ಕೇಳುವಂತೆಯೇ ನಿರ್ದೇಶಕನೂ ತನ್ನ ದುಡಿಮೆಗೆ ಬೆಲೆ ಬಯಸುತ್ತಾನೆ. ಬೇರೆ ಭಾಷೆಯ ಚಿತ್ರವಾದರೆ ವಿದ್ಯಾರ್ಥಿಗಳು ಮೊದಲೇ ಕಥಾಸಾರವನ್ನು ಕನ್ನಡದಲ್ಲಿ ಬರೆದು ಹಂಚಬಹುದು. ಚರ್ಚೆಯಲ್ಲಿ ಮೊದಲ ಮಾತು ಹೆಣ್ಣುಮಕ್ಕಳದೂ ವಿದ್ಯಾರ್ಥಿಗಳದೂ ಆಗಲಿ. ಊರ ಹಿರಿಯರು ಕೊನೆಗೆ ಮಾತನಾಡಲಿ. ಚಿತ್ರದ ಸಂದೇಶವೇನು ಎಂದು ಕೇಳುವುದಕ್ಕಿಂತ ಅದರಲ್ಲಿ ಕಂಡದ್ದೇನು, ಕಾಣದೆ ಹೋದದ್ದೇನು ಎಂದು ಕೇಳುವುದು ಮೇಲು.

ಕಡೂರು, ತರೀಕೆರೆ, ಅಜ್ಜಂಪುರಗಳ ವಿದ್ಯಾರ್ಥಿಗಳ ಕೈಯಲ್ಲಿರುವ ಫೋನಿನಲ್ಲೂ ಇಂದು ಕ್ಯಾಮೆರಾ ಇದೆ. ಕೆರೆಯ ಹೂಳು, ಕಾವಲಿನ ಒತ್ತುವರಿ, ಅಜ್ಜಿಯ ಬಿತ್ತನೆ ಬೀಜ ಇವುಗಳನ್ನು ಅವರೇ ಚಿತ್ರಿಸಿ ಊರಿನ ಮುಂದೆ ಇಡಲಿ. ತಪ್ಪಿದ್ದರೆ ಊರೇ ತಿದ್ದುತ್ತದೆ. ತನ್ನ ಚಿತ್ರವನ್ನು ತಾನೇ ನೋಡಿ ತಿದ್ದಬಲ್ಲ ಊರಿನ ಹಣೆಬರಹವನ್ನು ಬೇರೆಯವರು ಬರೆಯುವುದು ಅಷ್ಟು ಸುಲಭವಲ್ಲ.