ತೇರ್ಗಡೆಯ ಗೆರೆಯನ್ನು ಎಲ್ಲಿ ಎಳೆಯಬೇಕು?



ಹೊಸೂರು, ತಾಳವಾಡಿಗಳ ವಿದ್ಯಾರ್ಥಿಗೆ ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಲು 100ಕ್ಕೆ 35 ಅಂಕ ಬೇಕು. ಜತ್ತ, ಅಕ್ಕಲಕೋಟೆಗಳಲ್ಲಿಯೂ ಅಷ್ಟೇ. ಕಾಸರಗೋಡಿನಲ್ಲಿ ಉನ್ನತ ವ್ಯಾಸಂಗಕ್ಕೆ ಅರ್ಹತೆ ನೀಡುವ ಡಿ ಪ್ಲಸ್ ಶ್ರೇಣಿ 30ಕ್ಕೇ ದೊರೆಯುತ್ತದೆ. ಹಾಗೆಂದು ಕಾಸರಗೋಡಿನ ಪರೀಕ್ಷೆ ಸುಲಭವೆನ್ನಲಾಗದು. ಪ್ರಶ್ನೆಪತ್ರಿಕೆಯನ್ನು ನೋಡದೆ ಸಂಖ್ಯೆಯೊಂದನ್ನೇ ಹಿಡಿದು ನಿರ್ಣಯಿಸುವುದು ನಮ್ಮಲ್ಲಿ ಬೇರೂರಿದ ಅಭ್ಯಾಸ.

ಕೇರಳದ ಗಣಿತ ಪರೀಕ್ಷೆಯನ್ನೇ ನೋಡಿ. 80 ಅಂಕದ ಲಿಖಿತ ಪರೀಕ್ಷೆಯೊಡನೆ 20 ಅಂಕದ ನಿರಂತರ ಮೌಲ್ಯಮಾಪನ ಸೇರುತ್ತದೆ. ಎರಡೂ ಕೂಡಿ 30 ಸಾಕು ಎಂದಾಗ, ನಿರಂತರ ಮೌಲ್ಯಮಾಪನದಲ್ಲಿ ಪೂರ್ತಿ 20 ಪಡೆದವನು ಲಿಖಿತದಲ್ಲಿ 10 ಗಳಿಸಿದರೂ ದಾಟುತ್ತಾನೆ. ಲಿಖಿತದಲ್ಲಿಯೇ ಶೇಕಡಾ 30 ಬೇಕೆಂಬ ನಿಯಮವನ್ನು 2024-25ರಲ್ಲಿ ಎಂಟನೆಯ ತರಗತಿಯಿಂದ ಆರಂಭಿಸಿ ಮೇಲಿನ ತರಗತಿಗಳಿಗೆ ಒಯ್ಯುವ ನಿರ್ಧಾರವಾಗಿದೆ. ಆ ಲೆಕ್ಕದಲ್ಲಿ 80ಕ್ಕೆ 24 ಬೇಕು. 10ಕ್ಕೂ 24ಕ್ಕೂ ನಡುವೆ ನಿಂತ ಮಗುವಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂಬುದನ್ನು ಈ ಎರಡು ಸಂಖ್ಯೆಗಳೂ ಹೇಳುವುದಿಲ್ಲ.

ಇದನ್ನು ಅರಿಯಲು ಒಂದು ಕ್ರಮವಿದೆ. ಅಮೆರಿಕದ ಮಾಪನತಜ್ಞ ವಿಲಿಯಂ ಆಂಗಾಫ್ 1971ರಲ್ಲಿ ಅದನ್ನು ವಿವರಿಸಿದರು. ತೇರ್ಗಡೆಯ ಅಂಚಿನಲ್ಲಿರುವ, ಮುಂದಿನ ತರಗತಿಯ ಪಾಠವನ್ನು ಕಷ್ಟಪಟ್ಟಾದರೂ ಹಿಂಬಾಲಿಸಬಲ್ಲ ಹತ್ತು ಮಕ್ಕಳನ್ನು ಕಲ್ಪಿಸಿಕೊಳ್ಳಿ. ಎರಡು ಅಂಕದ ಪ್ರಶ್ನೆಗೆ ಅವರಲ್ಲಿ ಆರು ಮಂದಿ ಸರಿಯುತ್ತರ ಬರೆದಾರು ಎನಿಸಿದರೆ ಆ ಪ್ರಶ್ನೆಗೆ 1.2 ಎಂದು ಬರೆಯಿರಿ. ನಾಲ್ಕು ಅಂಕದ ಪ್ರಶ್ನೆಗೆ ಮೂರೇ ಮಂದಿ ಎನಿಸಿದರೆ ಅಲ್ಲಿಯೂ 1.2. ಹೀಗೆ ಪತ್ರಿಕೆ ಮುಗಿಸಿ ಕೂಡಿದರೆ ಬರುವುದೇ ನಿಮ್ಮ ಗೆರೆ. ನಾಲ್ಕೈದು ಅಧ್ಯಾಪಕರು ಪ್ರತ್ಯೇಕವಾಗಿ ಬರೆದು, ಹೆಚ್ಚು ವ್ಯತ್ಯಾಸ ಬಂದ ಪ್ರಶ್ನೆಗಳನ್ನು ಚರ್ಚಿಸಿ, ಕೊನೆಗೆ ಸರಾಸರಿ ತೆಗೆಯಬೇಕು. ಒಂದು ಪತ್ರಿಕೆಗೆ 27, ಇನ್ನೊಂದಕ್ಕೆ 22 ಬಂದರೆ ಗಾಬರಿಯಾಗಬೇಕಿಲ್ಲ. ಪತ್ರಿಕೆಗಳು ಸಮಾನವಾಗಿರಲಿಲ್ಲವೆಂದು ತಿಳಿದಂತಾಯಿತು. ಮಂಡಳಿಯ ಅಂಕವನ್ನು ನಾವು ಬದಲಿಸಲಾರೆವು, ನಿಜ. ಶಾಲೆಯ ಪರೀಕ್ಷೆಯಲ್ಲಿ ಯಾರಿಗೆ ಪರಿಹಾರ ಬೋಧನೆ ಬೇಕೆಂಬುದನ್ನು ನಿರ್ಧರಿಸುವವರು ನಾವೇ.

ಗಡಿನಾಡಿನಲ್ಲಿ ಈ ಕೆಲಸವನ್ನು ಕನ್ನಡ ಪತ್ರಿಕೆಯನ್ನಿಟ್ಟುಕೊಂಡೇ ಮಾಡಬೇಕು, ಮೂಲಭಾಷೆಯದನ್ನಲ್ಲ. ಮಲಯಾಳದಲ್ಲಿ ‘ಉಪನ್ಯಾಸ’ವೆಂದರೆ ಪ್ರಬಂಧ, ‘ಅವಕಾಶ’ವೆಂದರೆ ಹಕ್ಕು. ಅನುವಾದಕರು ಅವಸರದಲ್ಲಿ ಪದವನ್ನು ಹಾಗೆಯೇ ಉಳಿಸಿದರೆ, ‘ಮಕ್ಕಳ ಅವಕಾಶಗಳಾವುವು’ ಎಂಬ ಪ್ರಶ್ನೆಗೆ ನಮ್ಮ ಹುಡುಗಿ ಆಟ, ಪ್ರವಾಸ, ಸ್ಪರ್ಧೆ ಎಂದು ಪುಟ ತುಂಬಿಸುತ್ತಾಳೆ. ಅವಳ ಕನ್ನಡ ಸರಿಯಾಗಿಯೇ ಇದೆ. ಅಂಕ ಮಾತ್ರ ಸೊನ್ನೆ.

ಇದಕ್ಕೆ ಪರಿಹಾರವಾಗಿ ಕನ್ನಡ ಮಾಧ್ಯಮದವರಿಗೆ ತೇರ್ಗಡೆಯ ಅಂಕವನ್ನೇ ಇಳಿಸಬೇಕೆಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಹಾಗೆ ಇಳಿಸಿದ ಅಂಕಪಟ್ಟಿಯನ್ನು ಕಾಲೇಜಿನ ಪ್ರವೇಶ ಕೊಠಡಿಯಲ್ಲಿ ಯಾರೂ ಗೌರವದಿಂದ ನೋಡರು. ಚೆನ್ನಾಗಿ ಓದಿದ ಮಗುವಿಗೂ ಆ ಕಳಂಕ ತಗಲುತ್ತದೆ. ದೋಷವಿರುವುದು ಪ್ರಶ್ನೆಯಲ್ಲಿ, ಸರಿಪಡಿಸಬೇಕಾದುದೂ ಪ್ರಶ್ನೆಯನ್ನೇ. ಪರೀಕ್ಷೆ ಮುಗಿದ ದಿನವೇ ಅಂತಹ ಪ್ರಶ್ನೆಗಳನ್ನು ಸಂಖ್ಯೆಸಹಿತ ಗುರುತಿಸಿ, ಮೌಲ್ಯಮಾಪನಕ್ಕೆ ಮೊದಲೇ ಮುಖ್ಯೋಪಾಧ್ಯಾಯರ ಮೂಲಕ ಲಿಖಿತವಾಗಿ ಮೇಲಕ್ಕೆ ಕಳುಹಿಸಬೇಕು. ಫಲಿತಾಂಶದ ಬಳಿಕ ಬರೆದ ದೂರಿಗೆ ಬೆಲೆ ಕಡಿಮೆ.

ಇನ್ನು ಗೆರೆಗಿಂತ ಒಂದೆರಡು ಅಂಕ ಕೆಳಗಿರುವ ಉತ್ತರಪತ್ರಿಕೆಗಳನ್ನು, ಮೊದಲ ಅಂಕ ಕಾಣದಂತೆ, ಇನ್ನೊಬ್ಬ ಅಧ್ಯಾಪಕರು ಓದಲಿ. ಒಂದೇ ಉತ್ತರಕ್ಕೆ ಇಬ್ಬರು ಒಂದೇ ಅಂಕ ಕೊಡುವುದು ಅಪರೂಪವೆಂದು ನಮಗೆಲ್ಲ ಗೊತ್ತು.

ಮಧ್ಯಾಹ್ನದ ಗೋಷ್ಠಿಯಲ್ಲಿ ಗಣಿತ ಪತ್ರಿಕೆಯೊಂದರ ಮೇಲೆ ಈ ಕ್ರಮವನ್ನು ಪ್ರಯೋಗಿಸೋಣ. ಮೊದಲ ಸುತ್ತಿನಲ್ಲಿ ಪಕ್ಕದವರ ಹಾಳೆಯನ್ನು ಯಾರೂ ನೋಡುವಂತಿಲ್ಲ.