ಅಂದಂದಿನ ಸೊಪ್ಪು, ಅಂದಂದಿನ ಮನ್ನಾ

ಪ್ರಭು ಕ್ರಿಸ್ತರ ಪವಿತ್ರ ಶರೀರ ಹಾಗೂ ರಕ್ತದ ಮಹೋತ್ಸವದ ಪ್ರಬೋಧನೆ



ಇಂದು ಪರಮಪ್ರಸಾದದ ಹಬ್ಬ. ಮೊದಲ ವಾಚನವನ್ನು ಧರ್ಮೋಪದೇಶಕಾಂಡದ ಎಂಟನೇ ಅಧ್ಯಾಯದಿಂದ ಕೇಳಿದೆವು. ಇಸ್ರಯೇಲ್ ಜನ ನಲವತ್ತು ವರ್ಷ ನಡೆದ ಮರುಭೂಮಿಯ ದಾರಿಯನ್ನು ಮೋಶೆ ಅವರಿಗೆ ನೆನಪಿಸುತ್ತಾನೆ. ಆ ಮಾತಿನಲ್ಲಿ ಒಂದು ಸಂಗತಿಯನ್ನು ನಾವು ಗಮನಿಸಬೇಕು. ದೇವರು ಮನ್ನಾ ಕೊಟ್ಟರು ಎನ್ನುವುದಕ್ಕೆ ಮೊದಲು, ದೇವರು ಅವರನ್ನು ಹಸಿಯಲು ಬಿಟ್ಟರು ಎಂದು ಅವನು ಹೇಳುತ್ತಾನೆ. ಹಸಿವು ಮೊದಲು, ಆಹಾರ ಆಮೇಲೆ. ಹಸಿವಿನ ದಿನಗಳಲ್ಲೂ ದೇವರು ಅವರ ಜೊತೆಯಲ್ಲೇ ಇದ್ದರು.

ಮರಳವಾಡಿ, ಹಾರೋಹಳ್ಳಿ, ಕನಕಪುರದ ಕಡೆ ಬದುಕುವ ನಮಗೆ ಈ ಮಾತು ದೂರದ್ದಲ್ಲ. 2023ರಲ್ಲಿ ಮಳೆ ಕೈಕೊಟ್ಟಾಗ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಕೊಳವೆಬಾವಿ ಬತ್ತುವುದು, ರಾಗಿ ಪೈರು ಒಣಗುವುದು, ಗೂಡಿನ ಬೆಲೆ ಕುಸಿಯುವುದು, ಸಂಘದ ಸಾಲದ ಕಂತಿನ ದಿನ ಬಂದೇ ಬಿಡುವುದು, ಇವೆಲ್ಲ ನಮ್ಮ ಮನೆಗಳಿಗೆ ಗೊತ್ತು. ಇದರ ಜೊತೆಗೆ ಹೊರಗೆ ಕಾಣದ ಇನ್ನೊಂದು ಬರವೂ ಇದೆ. ಜಪಸರ ಕೈಯಲ್ಲಿರುತ್ತದೆ, ಮನಸ್ಸು ಒಣಗಿರುತ್ತದೆ. ಪೂಜೆಗೆ ಬರುತ್ತೇವೆ, ಏನೂ ಒಳಗೆ ಇಳಿಯುವುದಿಲ್ಲ. ‘ದೇವರು ನಮ್ಮ ಮಾತು ಕೇಳುತ್ತಿದ್ದಾರೆಯೇ?’ ಎಂದು ಬಾಯಿಬಿಟ್ಟು ಕೇಳಲು ಹೆದರುತ್ತೇವೆ. ಇಂದು ನಾವು ಆ ಪ್ರಶ್ನೆಯನ್ನು ಬಲಿಪೀಠದ ಮುಂದೆ ಇಡೋಣ.

ಮೊದಲನೆಯದಾಗಿ, ದೇವರು ಕೊಡುವ ರೀತಿಯನ್ನು ನೋಡೋಣ. ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಕಾಯುತ್ತಿದ್ದರು. ರಾಗಿ ಕೆಡುವುದಿಲ್ಲ. ಆದರೆ ಹಿಪ್ಪುನೇರಳೆ ಸೊಪ್ಪು ಹಾಗಲ್ಲ. ರೇಷ್ಮೆಹುಳು ಸಾಕುವ ತಾಯಂದಿರನ್ನು ಕೇಳಿ ನೋಡಿ. ನಾಡಿದ್ದಿನ ಸೊಪ್ಪನ್ನು ಇಂದೇ ಕೊಯ್ದಿಟ್ಟರೆ ಬಾಡುತ್ತದೆ, ಬಾಡಿದ ಸೊಪ್ಪನ್ನು ಹುಳು ಸರಿಯಾಗಿ ತಿನ್ನುವುದಿಲ್ಲ. ಮಳೆಯಿರಲಿ, ಮೈಗೆ ಹುಷಾರಿಲ್ಲದಿರಲಿ, ಹಬ್ಬವೇ ಇರಲಿ, ಆ ದಿನದ ಸೊಪ್ಪಿಗೆ ಆ ದಿನವೇ ತೋಟಕ್ಕೆ ಹೋಗಬೇಕು.

ಮನ್ನಾ ಕೂಡ ಹೀಗೆಯೇ ಇತ್ತು. ವಿಮೋಚನಾಕಾಂಡದ ಹದಿನಾರನೇ ಅಧ್ಯಾಯ ಓದಿ. ಒಬ್ಬೊಬ್ಬರಿಗೆ ದಿನಕ್ಕೆ ಒಂದು ಅಳತೆ. ನಾಳೆಗಿರಲಿ ಎಂದು ಕೂಡಿಟ್ಟವರ ಪಾತ್ರೆಯಲ್ಲಿ ಅದು ಹುಳ ಹಿಡಿದು ನಾರಿತು. ಸಬ್ಬತ್ ದಿನಕ್ಕೆಂದು ಹಿಂದಿನ ದಿನ ಎರಡರಷ್ಟು ಕೂಡಿಸಿದ್ದು ಮಾತ್ರ ಕೆಡಲಿಲ್ಲ. ನಾವು ದೇವರಿಂದ ಹಗೇವಿನಷ್ಟು ಬಯಸುತ್ತೇವೆ. ಮುಂದಿನ ಹತ್ತು ವರ್ಷಕ್ಕೆ ಸಾಕಾಗುವ ಧೈರ್ಯವನ್ನು ಈಗಲೇ ಕೊಟ್ಟುಬಿಡಿ ಎನ್ನುತ್ತೇವೆ. ದೇವರು ಕೊಡುವುದು ಇಂದಿನ ಸೊಪ್ಪಿನಷ್ಟು. ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲಿ ನಾವು ಬೇಡುವುದೂ ಆ ದಿನದ ಆಹಾರವನ್ನೇ. ಭತ್ಯೆ ಕಡಿಮೆಯಾಯಿತೆಂದು ಇದರ ಅರ್ಥವಲ್ಲ. ನಾಳೆಯೂ ನಾವು ಅವರ ಬಳಿಗೆ ಬರಬೇಕೆಂಬುದೇ ಅವರ ಆಸೆ.

ಎರಡನೆಯದಾಗಿ, ಒಣಗಿದ ಕಾಲದ ಅರ್ಥವೇನು ಎಂದು ಕೇಳೋಣ. ರೇಷ್ಮೆಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಆಗ ಅದು ತಿನ್ನುವುದಿಲ್ಲ, ಅಲುಗಾಡುವುದಿಲ್ಲ, ತಲೆ ಎತ್ತಿ ಸುಮ್ಮನೆ ಇರುತ್ತದೆ. ಗೊತ್ತಿಲ್ಲದವರು ಸತ್ತಿದೆ ಎಂದುಕೊಳ್ಳಬಹುದು. ಗೊತ್ತಿದ್ದ ರೈತ ಅದನ್ನು ಎಸೆಯುವುದಿಲ್ಲ. ಹಾಸಿಗೆಯನ್ನು ಒಣಗಿಸಿ, ಗಾಳಿಯಾಡಲು ಬಿಟ್ಟು ಕಾಯುತ್ತಾನೆ. ಆ ಹೊತ್ತಿನಲ್ಲಿ ಹುಳು ಬಿಗಿಯಾದ ಹಳೆಯ ಚರ್ಮವನ್ನು ಕಳಚುತ್ತಿರುತ್ತದೆ. ಬೆಳೆಯಬೇಕಾದರೆ ಅದು ಕಳಚಲೇಬೇಕು.

ಪ್ರಾರ್ಥನೆ ರುಚಿಸದ ಕಾಲವನ್ನು ನಾವು ಕೂಡಲೇ ವಿಶ್ವಾಸದ ಸಾವೆಂದು ತಿಳಿಯಬಾರದು. ಕಲ್ಕತ್ತೆಯ ಸಂತ ತೆರೇಸಾರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಲೋಕವೇ ಬೆರಗಾಯಿತು. ಬಡವರ ಸೇವೆ ಆರಂಭಿಸಿದ ಕಾಲದಿಂದ ಸುಮಾರು ಐವತ್ತು ವರ್ಷ ಅವರು ಒಳಗೊಳಗೇ ಕತ್ತಲನ್ನು, ದೇವರು ದೂರವಾದಂತಹ ಅನುಭವವನ್ನು ಹೊತ್ತಿದ್ದರು. ಆದರೂ ದಿನವೂ ಬೆಳಗ್ಗೆ ಪೂಜೆ, ದಿನವೂ ಆರಾಧನೆ, ಆಮೇಲೆ ಬೀದಿಯಲ್ಲಿ ಬಿದ್ದವರ ಸೇವೆ. ರುಚಿ ಇಲ್ಲದಿದ್ದರೂ ಅವರು ಊಟದ ಮೇಜನ್ನು ಬಿಟ್ಟು ಹೋಗಲಿಲ್ಲ. 2016ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು.

ನಮ್ಮ ಹಿರಿಯರೂ ಇಂಥ ಹಸಿವನ್ನು ಕಂಡವರೇ. ಮೈಸೂರು ಸೀಮೆಯಲ್ಲಿ 17ನೇ ಶತಮಾನದ ಮಧ್ಯದಲ್ಲಿ ಯೇಸುಸಭೆಯ ಗುರುಗಳು ಸೇವೆ ಆರಂಭಿಸಿದರು. 1773ರಲ್ಲಿ ಯೇಸುಸಭೆಯೇ ವಿಸರ್ಜನೆಯಾಯಿತು. ಆಮೇಲೆ ಯುದ್ಧಗಳ ಕಾಲ. 1799ರ ನಂತರ ದ್ಯುಬುವಾ ಸ್ವಾಮಿಗಳು ಈ ನಾಡಿಗೆ ಬಂದು ಚದುರಿದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಿದರು. ಗುರುಗಳ ಮುಖವನ್ನೇ ಅಪರೂಪಕ್ಕೆ ಕಾಣುತ್ತಿದ್ದ ಆ ಕಾಲದಲ್ಲಿ ಪರಮಪ್ರಸಾದ ಎಷ್ಟು ಮಂದಿಗೆ ಎಟುಕುತ್ತಿತ್ತು? ಮನೆಯೊಳಗಿನ ಪ್ರಾರ್ಥನೆಯೇ ಅಂದಿನ ಸೊಪ್ಪು. ವಿಶ್ವಾಸ ಆರಿಹೋಗಲಿಲ್ಲ. ಕನಕಪುರದ ಬಳಿಯ ಹಾರೋಬೆಲೆಯಂಥ ಹಳೆಯ ಕ್ರೈಸ್ತ ಊರುಗಳಲ್ಲಿ ಇಂದಿಗೂ ಗಂಟೆ ಮೊಳಗುತ್ತಿದೆ.

ನಾವೂ ಆ ಹಸಿವಿನ ತುಣುಕನ್ನು ಕಂಡಿದ್ದೇವೆ. 2020ರ ಮಾರ್ಚ್‌ನಲ್ಲಿ ಕೊರೋನಾದಿಂದ ದೇವಾಲಯದ ಬಾಗಿಲು ಮುಚ್ಚಿತು. ಆ ವರ್ಷ ಏಪ್ರಿಲ್ 12ರ ಪುನರುತ್ಥಾನದ ಹಬ್ಬವನ್ನು ಮೊಬೈಲ್ ಪರದೆಯ ಮುಂದೆ ಮಂಡಿಯೂರಿ ಆಚರಿಸಿದೆವು. ಆಗ ಎಷ್ಟೋ ಜನ ಕಣ್ಣೀರಿಟ್ಟರು. ಈಗ ಬಾಗಿಲು ತೆರೆದಿದೆ. ಆ ಹಸಿವು ಎಲ್ಲಿಗೆ ಹೋಯಿತು? ಹಸಿವಾಗುತ್ತಿದೆ ಎನ್ನುವವರಿಗಾಗಿ ಹೆದರಬೇಕಿಲ್ಲ. ಹಸಿವೇ ಆಗದವರಿಗಾಗಿ ನಾವು ಪ್ರಾರ್ಥಿಸಬೇಕು.

ಮೂರನೆಯ ಮಾತು ಕಠಿಣವಾದದ್ದು. ದೇವರನ್ನು ನಂಬಿದರೆ ಯಾರೂ ಹಸಿದು ಸಾಯುವುದಿಲ್ಲವೇ? ಹಾಗೆಂದು ನಾವು ಹೇಳಲಾರೆವು. 1876ರಿಂದ 1878ರವರೆಗಿನ ಮಹಾಕ್ಷಾಮವನ್ನು ಹಳಬರು ಧಾತು ಈಶ್ವರದ ಬರ ಎನ್ನುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ 42 ಲಕ್ಷಕ್ಕೂ ಕಡಿಮೆಯಿತ್ತು. ಸತ್ತವರಲ್ಲಿ ಪ್ರಾರ್ಥಿಸುತ್ತಿದ್ದವರು ಇರಲಿಲ್ಲವೇ? ಇದ್ದರು. ಅವರ ವಿಶ್ವಾಸ ಕಡಿಮೆಯಿತ್ತೆಂದು ಹೇಳುವ ಬಾಯಿ ನಮಗೆ ಬಾರದಿರಲಿ. ಶಿಲುಬೆಯ ಮೇಲೆ ಯೇಸುಸ್ವಾಮಿಯೇ ಬಾಯಾರಿದರು, ಪಿತನೇ ತಮ್ಮನ್ನು ಕೈಬಿಟ್ಟರೋ ಎಂದು ಕೂಗಿದರು.

ಹಾಗಾದರೆ ದೇವರ ಪಾಲನೆ ಎಲ್ಲಿ? ಆ ಬರದಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳನ್ನು ಮಿಷನರಿ ಗುರುಗಳು, ಕನ್ಯಾಸ್ತ್ರೀಯರು ಎತ್ತಿಕೊಂಡು ಸಾಕಿದರು. ಅವರಿಗಾಗಿ ಹೊಲ ಕೊಂಡು ಊರು ಕಟ್ಟಿದರು. ನೆಲಮಂಗಲ ಕಡೆಯ ಸಿಲುವೆಪುರ, ಕನಕಪುರ ಕಡೆಯ ಮರಿಯಾಪುರ ಹೀಗೆ ಹುಟ್ಟಿದ ಊರುಗಳು. ಬರ ಆ ಮಕ್ಕಳಿಂದ ಎಲ್ಲವನ್ನೂ ಕಿತ್ತುಕೊಂಡಿತ್ತು. ಯಾರದೋ ಎರಡು ಕೈಗಳಲ್ಲಿ ದೇವರು ಅವರ ಬಳಿಗೆ ಬಂದರು. ದೇವರು ಬರವನ್ನು ಯಾಕೆ ತಡೆಯಲಿಲ್ಲ ಎಂಬುದಕ್ಕೆ ಇದು ಉತ್ತರವಲ್ಲ. ಆದರೆ ಬರದ ನಡುವೆ ಅವರು ಯಾವ ಕಡೆ ನಿಲ್ಲುತ್ತಾರೆ ಎಂಬುದು ಇದರಿಂದ ತಿಳಿಯುತ್ತದೆ.

ಎಲೀಯ ಪ್ರವಾದಿಯ ಕಾಲದ ಬರವನ್ನು ನೆನೆಯಿರಿ. ಸರೆಪ್ತ ಊರಿನ ವಿಧವೆಯ ಬಳಿ ಇದ್ದದ್ದು ಒಂದು ಹಿಡಿ ಹಿಟ್ಟು, ಸ್ವಲ್ಪ ಎಣ್ಣೆ. ಅದರಲ್ಲೇ ಅವಳು ಮೊದಲು ಹಸಿದ ಅತಿಥಿಗೆ ರೊಟ್ಟಿ ಮಾಡಿಕೊಟ್ಟಳು. ಅವಳ ಮಡಕೆ ತುಂಬಿ ತುಳುಕಿತೆಂದು ಬೈಬಲ್ ಹೇಳುವುದಿಲ್ಲ. ಬರಿದಾಗಲಿಲ್ಲ ಎಂದಷ್ಟೇ ಹೇಳುತ್ತದೆ. ಸಂತ ಪೌಲರು ಇಂದು ಎರಡನೇ ವಾಚನದಲ್ಲಿ ಹೇಳುವುದೂ ಇದನ್ನೇ: ರೊಟ್ಟಿ ಒಂದೇ, ಅದರಲ್ಲಿ ಪಾಲು ಪಡೆಯುವ ನಾವೆಲ್ಲ ಒಂದೇ ದೇಹ. ಇಲ್ಲಿ ಮುರಿದ ರೊಟ್ಟಿಯನ್ನು ಸ್ವೀಕರಿಸಿ, ಪಕ್ಕದ ಮನೆಯ ಒಲೆ ಹೊತ್ತಿಲ್ಲವೆಂದು ತಿಳಿದೂ ಸುಮ್ಮನಿದ್ದರೆ, ದೇವರ ಪಾಲನೆ ನಮ್ಮ ಕೈಯಲ್ಲೇ ತಡೆದು ನಿಂತಂತೆ.

ಆದ್ದರಿಂದ ಈ ಹಬ್ಬದಿಂದ ಮೂರು ಸಣ್ಣ ತೀರ್ಮಾನಗಳನ್ನು ಮನೆಗೆ ಕೊಂಡೊಯ್ಯೋಣ. ದಿನಕ್ಕೊಮ್ಮೆ ಮನೆಯವರೆಲ್ಲ ಕೂಡಿ ಪ್ರಾರ್ಥಿಸೋಣ; ಮನಸ್ಸು ಬಾರದ ದಿನ ಒಂದೇ ಒಂದು ನಮೋ ಮರಿಯಾ ಆದರೂ ಸರಿ. ಅಡುಗೆಗೆ ಅಳೆಯುವಾಗ ಒಂದು ಹಿಡಿ ಅಕ್ಕಿಯನ್ನೋ ರಾಗಿಹಿಟ್ಟನ್ನೋ ಬೇರೆ ತೆಗೆದಿಟ್ಟು, ವಾರದ ಕೊನೆಗೆ ಇಲ್ಲದವರಿಗೆ ತಲುಪಿಸೋಣ. ಮತ್ತೊಂದು ಮಾತು: ಸಾಲದ ಅವಮಾನಕ್ಕೆ, ಹಬ್ಬದ ವಂತಿಗೆ ಕೊಡಲಾಗಲಿಲ್ಲವೆಂಬ ನಾಚಿಕೆಗೆ ಪೂಜೆಗೆ ಬರುವುದನ್ನು ಬಿಟ್ಟ ಕುಟುಂಬಗಳು ನಮ್ಮ ನಡುವೆ ಇವೆ. ಅವರ ಮನೆಗೆ ನಾವೇ ಹೋಗೋಣ, ಕೈಹಿಡಿದು ಕರೆತರೋಣ. ಈ ಮೇಜಿನಲ್ಲಿ ಊಟಕ್ಕೆ ಬೆಲೆ ಕೇಳುವವರಿಲ್ಲ.

ಯೇಸುಸ್ವಾಮಿ ತಾವೇ ಜೀವದಾಯಕ ರೊಟ್ಟಿ ಎಂದಾಗ ಅನೇಕರಿಗೆ ಆ ಮಾತು ಹಿಡಿಸಲಿಲ್ಲ, ಬಿಟ್ಟುಹೋದರು. ನೀವೂ ಹೋಗುತ್ತೀರಾ ಎಂದು ಅವರು ಹನ್ನೆರಡು ಮಂದಿಯನ್ನು ಕೇಳಿದರು. ಪೇತ್ರರಿಗೆ ಎಲ್ಲವೂ ಅರ್ಥವಾಗಿತ್ತೆಂದಲ್ಲ, ಹೋಗಲು ಬೇರೆ ಯಾರೂ ಇರಲಿಲ್ಲ. ನಮ್ಮ ವಿಶ್ವಾಸವೂ ಇಷ್ಟೇ ಆಗಿದ್ದರೆ ಚಿಂತೆಯಿಲ್ಲ. ಇಂದು ಇಲ್ಲಿ ಉಳಿಯೋಣ, ನಾಳೆ ಬೆಳಗ್ಗೆ ಮತ್ತೆ ಬುಟ್ಟಿ ಹಿಡಿದು ಬರೋಣ.

ಕರುಣಾಮಯ ತಂದೆಯೇ, ಒಣಗಿದ ಹೊಲಗಳನ್ನೂ ಒಣಗಿದ ಮನಸ್ಸುಗಳನ್ನೂ ನಿಮ್ಮ ಮುಂದೆ ಇಡುತ್ತೇವೆ. ಇಂದಿಗೆ ಬೇಕಾದುದನ್ನು ಇಂದು ದಯಪಾಲಿಸಿರಿ; ಅದನ್ನು ಹಂಚಿಕೊಳ್ಳುವ ಕೈಗಳನ್ನೂ ದಯಪಾಲಿಸಿರಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.