ಅಂಗಸೌಷ್ಠವ ಮತ್ತು ಶಸ್ತ್ರ



ನಮ್ಮ ಹಳಗನ್ನಡ ಕವಿಗಳು ಹೆಣ್ಣಿನ ನಡುವನ್ನು ವರ್ಣಿಸುವಾಗ ಅದು ಇದೆಯೋ ಇಲ್ಲವೋ ಎಂದು ಸಂದೇಹಪಡುವುದುಂಟು. ಕಾವ್ಯದಲ್ಲಿ ಅತಿಶಯೋಕ್ತಿಯಿಂದ ಯಾರಿಗೂ ಅಪಾಯವಿಲ್ಲ. ಅದನ್ನೇ ಮೈಯ ಮೇಲೆ ಬರೆಯಿಸಹೊರಟಾಗ ಮಾತು ಬೇರೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ ಕಿರುತೆರೆಯ ನಟಿ ಚೇತನಾ ರಾಜ್ ತೀರಿಕೊಂಡರು. ಆಗ ಅವರಿಗೆ 21 ವರ್ಷ.

ಇಂಥ ಸಾವು ವಿರಳವೆಂಬುದು ನಿಜ. ಆದರೂ ಈ ಚಿಕಿತ್ಸೆ ಏನನ್ನು ಕೊಡಬಲ್ಲದು, ಏನನ್ನು ಕೊಡಲಾರದು ಎಂಬುದನ್ನು ಮೊದಲೇ ತಿಳಿಯುವುದು ವಿವೇಕ. ಲೈಪೊಸಕ್ಷನ್ನಿನಲ್ಲಿ ಚರ್ಮದಡಿ ಸಣ್ಣ ಕೊಳವೆಯನ್ನು ತೂರಿಸಿ ಕೊಬ್ಬನ್ನು ಹೀರುತ್ತಾರೆ. ಇದು ಆಕಾರವನ್ನು ತಿದ್ದುವ ಉಪಾಯವೇ ಹೊರತು ಬೊಜ್ಜಿಗೆ ಮದ್ದಲ್ಲ. ಜೋತುಬಿದ್ದ ಚರ್ಮ ಇದರಿಂದ ಬಿಗಿಯಾಗದು. ಅದನ್ನು ಕತ್ತರಿಸಿ ತೆಗೆಸಿದರೆ ಉದ್ದನೆಯ ಕಲೆ ಉಳಿಯುತ್ತದೆ. ಕೆಲವು ವಾರ ಬಿಗಿಯುಡುಪು ತೊಡಬೇಕು. ಬಾವು ಪೂರ್ತಿ ಇಳಿಯಲು ತಿಂಗಳುಗಳೇ ಹಿಡಿಯುತ್ತವೆ. ಮುಂದೆ ತೂಕ ಏರಿದರೆ ಉಳಿದ ಕೊಬ್ಬಿನ ಕೋಶಗಳು ಹಿಗ್ಗುತ್ತವೆ. ಒಂದೇ ಸಲ 5 ಲೀಟರಿಗೂ ಮಿಗಿಲಾಗಿ ತೆಗೆಸಿದರೆ ಅಪಾಯ ಹೆಚ್ಚು. ಕೊಬ್ಬಿನ ಕಣವೋ ರಕ್ತದ ಹೆಪ್ಪೋ ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಸಂಚಕಾರ.

ಆದುದರಿಂದ ಚಿಕ್ಕಜಾಜೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಮರುದಿನವೇ ಹಿಂದಿರುಗುವ ಕೆಲಸ ಇದಲ್ಲ. ಬಹಳ ಹೊತ್ತು ಕದಲದೆ ಕುಳಿತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ವೈದ್ಯರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಪದವಿ ಪಡೆದವರೆ, ಅರಿವಳಿಕೆ ತಜ್ಞರು ಯಾರು, ತೀವ್ರನಿಗಾ ಘಟಕ ಅಲ್ಲಿದೆಯೆ ಎಂದು ಸಂಕೋಚವಿಲ್ಲದೆ ಕೇಳಬೇಕು. ಮನೆಯವರಿಗೆ ತಿಳಿಸಿಯೇ ಹೋಗಬೇಕು.

ತನ್ನ ಇಚ್ಛೆಯಿಂದ, ಎಲ್ಲವನ್ನೂ ಅರಿತು ಒಪ್ಪಿದವರನ್ನು ಹೀಗಳೆಯುವ ಅಧಿಕಾರ ನಮಗಿಲ್ಲ. ಆದರೆ ನೋಡಿದವರು ಆಡಿದ ಕೊಂಕುಮಾತಿಗೆ ನೊಂದು ಹೊರಟವರಿದ್ದರೆ, ಆ ನೋವಿಗೆ ಶಸ್ತ್ರದಲ್ಲಿ ಮದ್ದಿಲ್ಲವೆಂದು ಯಾರಾದರೂ ಹೇಳಬೇಕು. ಅದಕ್ಕೂ ಮೊದಲು, ಆಡಿದವರು ಬಾಯನ್ನು ತಿದ್ದಿಕೊಳ್ಳಬೇಕು.